ಪೋರ್ಚುಗಲ್‌ನ ಕೆಂಪು ವೈನ್: ಯಾವ ಊಟಕ್ಕೆ ಯಾವ ಮಿಶ್ರಣ?

"ಕ್ರಿಸ್ಮಸ್‌ಗೆ ಊರಿಗೆ ಬರುವಾಗ ಪೋರ್ಚುಗಲ್‌ನ ಕೆಂಪು ವೈನ್ ಎರಡು ಬಾಟಲಿ ತೆಗೆದುಕೊಂಡು ಬಾ" ಎಂದು ಭಾವ ಮಂಗಳೂರಿನಿಂದ ಫೋನ್ ಮಾಡಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಭಾವ, ಆ ದಿನ ಅಡುಗೆ ಏನು?" ಎಂಬುದು. ಅವರಿಗೆ ಆಶ್ಚರ್ಯವಾಯಿತು. ಒಳ್ಳೆಯ ವೈನ್ ಯಾವತ್ತಿದ್ದರೂ ಒಳ್ಳೆಯದೇ, ಅದಕ್ಕೂ ಅಡುಗೆಗೂ ಏನು ಸಂಬಂಧ ಎಂದರು.

ಲಿಸ್ಬನ್‌ಗೆ ಬಂದ ಹೊಸತರಲ್ಲಿ ನಾನೂ ಹಾಗೆಯೇ ನಂಬಿದ್ದೆ. ಮೊದಲ ಸಂಬಳ ಬಂದ ವಾರ 22 ಯೂರೊ ಕೊಟ್ಟು ಬೈರಾದ ಪ್ರದೇಶದ ಒಂದು ಬಾಟಲಿ ತಂದೆ. ಅಂದು ರಾತ್ರಿ ಮಾಡಿದ್ದು ಬದನೆಕಾಯಿ ಎಣ್ಣೆಗಾಯಿ, ಊರಿನಿಂದ ತಂದ ಪುಡಿ ಹಾಕಿ ಖಾರವಾಗಿಯೇ ಮಾಡಿದ್ದೆ. ಮೊದಲ ಗುಟುಕಿಗೆ ನಾಲಿಗೆ ಒಣಗಿತು, ಎರಡನೆಯದಕ್ಕೆ ಖಾರ ಇಮ್ಮಡಿಯಾಯಿತು. ಬಾಟಲಿಯನ್ನು ಅರ್ಧಕ್ಕೇ ಬಿಟ್ಟೆ. ಮುಂದಿನ ವಾರ ಪಕ್ಕದ ಅಂಗಡಿಯಿಂದ 5 ಯೂರೊದ ಸೆತೂಬಲ್ ವೈನ್ ತಂದು, ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು, ಅದೇ ಎಣ್ಣೆಗಾಯಿಯ ಜೊತೆ ಕುಡಿದಾಗ ತಟ್ಟೆಯೂ ಲೋಟವೂ ಒಟ್ಟಿಗೆ ಖಾಲಿಯಾದವು. 22 ಯೂರೊದ ವೈನ್ ಕೆಟ್ಟದ್ದಾಗಿರಲಿಲ್ಲ. ಅದಕ್ಕೆ ಬೇಕಾಗಿದ್ದ ಊಟ ಬೇರೆ ಇತ್ತು.

ಇಲ್ಲಿಗೆ ಪ್ರವಾಸ ಬರುವ ಕನ್ನಡಿಗರು, ಓದಲು ಬರುವ ಹುಡುಗರು, ಯುರೋಪಿನ ಬೇರೆ ಊರುಗಳಲ್ಲಿರುವ ಗೆಳೆಯರು ಎಲ್ಲರೂ ನನ್ನನ್ನು ಕೇಳುವುದು ಒಂದೇ: ದೋರು ಕೊಳ್ಳಲೇ, ಅಲೆಂತೇಜು ಕೊಳ್ಳಲೇ, ದಾಂವ್ ಎಂದರೇನು, ಅಗ್ಗದ್ದು ಸಾಲದೇ? ಇವೆಲ್ಲ ಇಲ್ಲಿಯ ವೈನ್ ಪ್ರದೇಶಗಳ ಹೆಸರು. ಈ ಬರಹ ಹಾಗೆ ಕೇಳುವವರಿಗಾಗಿ.

ಮೊದಲು ಒಂದು ಮಾತು ತಿಳಿದಿರಬೇಕು. ನಂದಿ ಬೆಟ್ಟದ ಕಡೆಯ ವೈನ್ ಬಾಟಲಿಗಳ ಮೇಲೆ ಶಿರಾಜ್, ಕ್ಯಾಬರ್ನೆ ಎಂದು ದ್ರಾಕ್ಷಿ ತಳಿಯ ಹೆಸರು ಬರೆದಿರುವುದನ್ನು ನೀವು ನೋಡಿರುತ್ತೀರಿ. ಪೋರ್ಚುಗಲ್‌ನ ಬಾಟಲಿಯ ಮೇಲೆ ಎದ್ದು ಕಾಣುವುದು ಹೆಚ್ಚಾಗಿ ಪ್ರದೇಶದ ಹೆಸರು. ಈ ಸಣ್ಣ ದೇಶದಲ್ಲಿ 250ಕ್ಕೂ ಹೆಚ್ಚು ಸ್ವಂತ ದ್ರಾಕ್ಷಿ ತಳಿಗಳಿವೆ. ಹಳೆಯ ತೋಟಗಳಲ್ಲಿ ಹತ್ತಾರು ತಳಿಗಳನ್ನು ಒಟ್ಟಿಗೆ ನೆಟ್ಟು, ಒಟ್ಟಿಗೆ ಕೊಯ್ದು, ಒಟ್ಟಿಗೆ ಹುಳಿಸುತ್ತಿದ್ದರು. ಈಗ ಬೇರೆ ಬೇರೆ ಬೆಳೆದರೂ ಕೊನೆಗೆ ಬೆರೆಸುವುದೇ ವಾಡಿಕೆ. ಸಾರಿನ ಪುಡಿ ಮಾಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಕಂಪಿಗೆ ಕೊತ್ತಂಬರಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇಲ್ಲಿಯೂ ತೂರಿಗ ನಾಸಿಯೊನಾಲ್ ತಳಿ ಕಡುಬಣ್ಣ ಮತ್ತು ಹೂವಿನ ಕಂಪು ಕೊಡುತ್ತದೆ, ತೂರಿಗ ಫ್ರಾಂಕ ಮೃದುತನ ಕೊಡುತ್ತದೆ, ತಿಂತ ರೊರೀಜ್ ಬೆನ್ನೆಲುಬಾಗುತ್ತದೆ. ಅಲಿಕಾಂತೆ ಬೂಶೆ ಎಂಬ ತಳಿಯಂತೂ ಬ್ಯಾಡಗಿಯದೇ ಕೆಲಸ ಮಾಡುತ್ತದೆ: ಸಾಮಾನ್ಯವಾಗಿ ಕಪ್ಪು ದ್ರಾಕ್ಷಿಯ ತಿರುಳೂ ಬೆಳ್ಳಗೇ ಇರುತ್ತದೆ, ಇದರ ತಿರುಳು ಮಾತ್ರ ಕೆಂಪು.

ಆರಿಸುವ ಮೊದಲು ನೋಡಬೇಕಾದ್ದು

ನಾನು ನಾಲ್ಕು ವಿಷಯ ನೋಡುತ್ತೇನೆ: ಒಗರು, ಹುಳಿ, ಬಿಸಿ, ಮತ್ತು ಬಾಟಲಿಯನ್ನು ಯಾವಾಗ ತೆರೆಯುತ್ತೇವೆ ಎಂಬುದು.

ಒಗರಿನ ವಿಚಾರದಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. ವೈನ್ ಬಲ್ಲವರು ಟ್ಯಾನಿನ್ ಎಂದು ಕರೆಯುವ ಅಂಶದ ಅನುಭವಕ್ಕೆ ನಮ್ಮಲ್ಲಿ ಮನೆಮಾತಿನ ಪದವೇ ಇದೆ. ನೆಲ್ಲಿಕಾಯಿ, ಬಾಳೆಕಾಯಿ, ಗೇರುಹಣ್ಣು ತಿಂದಾಗ ಬಾಯಿ ಹಿಡಿದಂತಾಗುತ್ತದಲ್ಲ, ಅದೇ ಇದು. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟಿನಿಂದ ಬರುವ ಈ ಅಂಶ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಆದ್ದರಿಂದ ಬಾಯಿ ಒಣಗುತ್ತದೆ. ತಟ್ಟೆಯಲ್ಲಿ ಮಾಂಸವೋ ಗಿಣ್ಣೋ (ಚೀಸ್) ಇದ್ದರೆ ಅದು ಅವುಗಳ ಪ್ರೋಟೀನಿಗೆ ಅಂಟಿಕೊಂಡು ನಾಲಿಗೆಯನ್ನು ಬಿಟ್ಟುಬಿಡುತ್ತದೆ. ಉಪ್ಪು ಕೂಡ ಒಗರನ್ನು ತಗ್ಗಿಸುತ್ತದೆ. ನಮ್ಮ ಕರಾವಳಿಯಲ್ಲಿ ಗೇರುಹಣ್ಣನ್ನು ಹೆಚ್ಚಿ, ಉಪ್ಪು ಸವರಿ ತಿನ್ನುವುದು ಇದೇ ಕಾರಣಕ್ಕೆ. ಆ ಗೇರುಮರವನ್ನು ಬ್ರೆಜಿಲ್‌ನಿಂದ ನಮ್ಮ ತೀರಕ್ಕೆ ತಂದವರೂ ಪೋರ್ಚುಗೀಸರೇ. ಮೆಣಸಿನ ಖಾರ ಮಾತ್ರ ಒಗರನ್ನು ಕೆರಳಿಸುತ್ತದೆ. ನನ್ನ ಎಣ್ಣೆಗಾಯಿ ಊಟ ಹಾಳಾದದ್ದು ಅದರಿಂದಲೇ.

ಹುಳಿಯದು ಸರಳ ನಿಯಮ: ಅಡುಗೆಗಿಂತ ವೈನ್ ಕಡಿಮೆ ಹುಳಿಯಾಗಿದ್ದರೆ ವೈನ್ ಸಪ್ಪೆಯಾಗುತ್ತದೆ. ಹುಣಿಸೆಹಣ್ಣು, ಟೊಮೆಟೊ, ವಿನೆಗರ್ ಹಾಕಿದ ಪದಾರ್ಥದ ಎದುರು ಮೃದುವಾದ ವೈನ್ ಸಕ್ಕರೆ ಕರಗಿದ ನೀರಿನಂತೆ ಅನ್ನಿಸಬಹುದು. ಕೊಬ್ಬು, ಎಣ್ಣೆ, ತೆಂಗಿನಕಾಯಿ ಹೆಚ್ಚಿದ್ದಾಗಲೂ ಹುಳಿ ಬೇಕು, ಬಾಯಿಯನ್ನು ತೊಳೆಯುವುದು ಅದೇ.

ಬಿಸಿ ಎಂದರೆ ಆಲ್ಕೋಹಾಲ್. ಬಾಟಲಿಯ ಹಿಂದಿನ ಚೀಟಿಯಲ್ಲಿ ಶೇಕಡಾ ಪ್ರಮಾಣ ಇರುತ್ತದೆ. ಇಲ್ಲಿಯ ಕೆಂಪು ವೈನ್‌ಗಳು ಸಾಮಾನ್ಯವಾಗಿ 12.5ರಿಂದ 15ರವರೆಗೆ ಇರುತ್ತವೆ. ಕೇಳಲು ಸಣ್ಣ ಅಂತರ, ಆದರೆ ಖಾರದ ಊಟದ ಜೊತೆ 13ಕ್ಕೂ 14.5ಕ್ಕೂ ಇರುವ ವ್ಯತ್ಯಾಸ ಗಂಟಲಿಗೆ ಗೊತ್ತಾಗುತ್ತದೆ.

ಇನ್ನು ಕಾಲ. ಇಂದೇ ಕುಡಿಯುವುದಕ್ಕೋ, ಮಗಳು ಪದವಿ ಮುಗಿಸಿದ ದಿನ ತೆರೆಯುವುದಕ್ಕೋ? ಒಂದೇ ಬೆಲೆಯ ಎರಡು ಬಾಟಲಿಗಳಲ್ಲಿ ಒಂದು ಇಂದು ರುಚಿಸಬಹುದು, ಇನ್ನೊಂದಕ್ಕೆ ಹತ್ತು ವರ್ಷ ಬೇಕಾಗಬಹುದು.

ದೋರು: ಹೆಸರಿಗೆ ತಕ್ಕ ಗತ್ತು

ಹೆಚ್ಚಿನವರು ಮೊದಲು ಕೈಹಾಕುವುದು ದೋರು ಕಣಿವೆಯ ವೈನ್‌ಗೆ. 1756ರಲ್ಲಿ ಪೋರ್ಚುಗಲ್‌ನ ಪ್ರಬಲ ಮಂತ್ರಿ ಮಾರ್ಕ್ವಿಸ್ ಆಫ್ ಪೊಂಬಾಲ್‌ನ ಕಾಲದಲ್ಲಿ ಗಡಿ ಗುರುತಿಸಿ ನಿಯಮ ಮಾಡಿದ ಪ್ರದೇಶವಿದು, ಜಗತ್ತಿನ ಅತಿ ಹಳೆಯ ವೈನ್ ಗಡಿಗಳಲ್ಲಿ ಒಂದು. 2001ರಿಂದ ಯುನೆಸ್ಕೊ ಪಟ್ಟಿಯಲ್ಲೂ ಇದೆ. ರೈಲಿನಲ್ಲಿ ಪೋರ್ಟೊದಿಂದ ಪಿನ್ಯಾಂವ್ ಕಡೆಗೆ ಹೋಗುವಾಗ ನದಿಯ ಎರಡೂ ಬದಿಯ ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕಲ್ಲಿನ ಕಟ್ಟೆ ಕಟ್ಟಿರುವುದು ಕಾಣುತ್ತದೆ. ಅಲ್ಲಿ ಮಣ್ಣು ಎನ್ನುವುದು ಹೆಸರಿಗೆ ಮಾತ್ರ. ಚಪ್ಪಡಿ ಚಪ್ಪಡಿಯಾಗಿ ಏಳುವ ಶಿಸ್ಟ್ ಕಲ್ಲಿನ ಬಿರುಕಿನಲ್ಲಿ ಬೇರುಗಳು ನೀರು ಹುಡುಕಿಕೊಂಡು ಆಳಕ್ಕೆ ಇಳಿಯುತ್ತವೆ. "ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ" ಎಂಬುದು ಅಲ್ಲಿನವರ ಗಾದೆ. ಬೇಸಿಗೆಯಲ್ಲಿ ನಿಂತು ನೋಡಿದವರಿಗೆ ಅದರ ಅರ್ಥ ತಿಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ನಮ್ಮ ಕಡೆ ಗೋವಾದಿಂದ ಬರುವ ಸಿಹಿ ಪೋರ್ಟ್ ಕುಡಿದು ಬಲ್ಲವರು ದೋರು ಕೂಡ ಹಾಗೆಯೇ ಇರುತ್ತದೆ ಎಂದುಕೊಳ್ಳುತ್ತಾರೆ. ಪೋರ್ಟ್ ಕೂಡ ಇದೇ ಕಣಿವೆಯದು, ದ್ರಾಕ್ಷಿಯೂ ಅದೇ. ಆದರೆ ಪೋರ್ಟ್‌ಗೆ ರಸ ಹುಳಿಯುತ್ತಿರುವಾಗಲೇ ದ್ರಾಕ್ಷಿಯ ಸಾರಾಯಿ ಸೇರಿಸಿ ಹುಳಿಯುವುದನ್ನು ನಿಲ್ಲಿಸುತ್ತಾರೆ. ಹಾಗಾಗಿ ಸಿಹಿ ಉಳಿಯುತ್ತದೆ, ಆಲ್ಕೋಹಾಲ್ ಶೇಕಡಾ 20ರ ಆಸುಪಾಸಿಗೆ ಏರುತ್ತದೆ. ಊಟದ ಜೊತೆಯ ದೋರು ಸಿಹಿಯಿಲ್ಲದ ವೈನ್. ಬಾಟಲಿಯ ಮೇಲೆ 'ತಿಂತು' ಎಂದಿದ್ದರೆ ಕೆಂಪು ಎಂದರ್ಥ, 'ಪೋರ್ಟೊ' ಎಂದಿದ್ದರೆ ಅದು ಸಿಹಿಯದು.

ಹಾಗೆ ನೋಡಿದರೆ ಊಟದ ವೈನ್‌ನಲ್ಲಿ ದೋರು ಹೆಸರು ಮಾಡಿದ್ದು ಇತ್ತೀಚೆಗೆ. ಪೋರ್ಟ್ ಮಾಡುವ ಮನೆತನದ ಫರ್ನಾಂದು ನಿಕೊಲಾವ್ ದಿ ಅಲ್ಮೈದ 1952ರ ಫಸಲಿನಿಂದ ಬಾರ್ಕ ವೆಲ್ಯ ಎಂಬ ವೈನ್ ಮಾಡಿ ತೋರಿಸಿದ ಮೇಲೂ ಉಳಿದವರು ಆ ದಾರಿ ಹಿಡಿಯಲು ದಶಕಗಳೇ ಬೇಕಾದವು.

ನನ್ನ ನಾಲ್ಕು ಅಳತೆಗಳಲ್ಲಿ ದೋರು ಎಲ್ಲಿ ನಿಲ್ಲುತ್ತದೆ? ಒಗರು ಹೆಚ್ಚು, ಬಿಸಿ ಹೆಚ್ಚು, ಹುಳಿ ಮಧ್ಯಮ, ಬಣ್ಣ ನೇರಳೆಹಣ್ಣಿನದು. ಬೆಟ್ಟದ ನಾಡಿನ ಊಟ ಅದಕ್ಕೆ ಒಪ್ಪುತ್ತದೆ: ಒಲೆಯಲ್ಲಿ ಸುಟ್ಟ ಆಡಿನ ಮರಿ, ಮಿರಾಂದದ ದಪ್ಪ ದನದ ಮಾಂಸದ ತುಂಡು, ಬೀನ್ಸ್ ಮತ್ತು ಮಾಂಸ ಬೇಯಿಸಿದ ಫೈಜುವಾದ. ಮನೆಯಲ್ಲಿ ಮಾಡುವುದಾದರೆ ಕರಿಮೆಣಸು ಮುಂದಿರುವ, ಒಣಮೆಣಸಿನಕಾಯಿ ಹಿಂದಿರುವ ಮಟನ್ ಸುಕ್ಕಾ ಇದರ ಜೊತೆ ನಿಲ್ಲುತ್ತದೆ. ಸಸ್ಯಾಹಾರಿಗಳಿಗೆ ಇದು ಮೊದಲ ಆಯ್ಕೆಯಲ್ಲ.

ಹಣದ ಲೆಕ್ಕ: 5 ಯೂರೊದ ದೋರು ಸಿಗುತ್ತದೆ, ಆದರೆ ಆ ಬೆಲೆಗೆ ಬೇರೆ ಪ್ರದೇಶಗಳು ಇನ್ನೂ ಚೆನ್ನಾಗಿ ಕೊಡುತ್ತವೆ. ಕಡಿದಾದ ಗುಡ್ಡದಲ್ಲಿ ಯಂತ್ರ ನಡೆಯುವುದಿಲ್ಲ, ಕೈಯಿಂದಲೇ ಕೊಯ್ಯಬೇಕು. ಆ ಖರ್ಚು ಬೆಲೆಯಲ್ಲಿ ಸೇರಿರುತ್ತದೆ. ದೋರು ಕೊಳ್ಳುವುದಾದರೆ 12 ಯೂರೊದ ಮೇಲೆ ಕೊಳ್ಳಿ. ಅಲ್ಲಿಂದ ಮುಂದೆ ಅದರ ಆಳ ಗೊತ್ತಾಗುತ್ತದೆ.

ದಾಂವ್: ನಾನು ಮತ್ತೆ ಮತ್ತೆ ಮರಳುವುದು

ದೋರುವಿನ ದಕ್ಷಿಣಕ್ಕೆ, ಸುತ್ತಲೂ ಬೆಟ್ಟಗಳು ಕಾವಲಿರುವ ಎತ್ತರದ ನಾಡು ದಾಂವ್. 1908ರಲ್ಲಿ ಇದರ ಗಡಿ ಗುರುತಾಯಿತು. ಇಲ್ಲಿ ಶಿಸ್ಟ್ ಕಡಿಮೆ, ಗ್ರಾನೈಟ್ ಕಲ್ಲಿನ ಪುಡಿಮಣ್ಣು ಹೆಚ್ಚು. ಸುತ್ತ ಪೈನ್ ಕಾಡು. ರಾತ್ರಿ ತಂಪಾಗುವುದರಿಂದ ದ್ರಾಕ್ಷಿ ನಿಧಾನವಾಗಿ ಮಾಗುತ್ತದೆ, ಹುಳಿ ಉಳಿದುಕೊಳ್ಳುತ್ತದೆ. ತೂರಿಗ ನಾಸಿಯೊನಾಲ್ ತಳಿಯ ತವರು ಇದೇ ಎಂದು ಹಲವರು ನಂಬುತ್ತಾರೆ. ಅದರ ಜೊತೆ ಅಲ್ಫ್ರೊಶೈರು, ಜಾಯೆನ್, ತಿಂತ ರೊರೀಜ್ ಬೆರೆಯುತ್ತವೆ. ಒಂದು ಕಾಲದಲ್ಲಿ ಈ ಪ್ರದೇಶದ ದ್ರಾಕ್ಷಿಯೆಲ್ಲ ಸಹಕಾರಿ ಘಟಕಗಳಿಗೇ ಹೋಗಬೇಕೆಂಬ ಕಟ್ಟುಪಾಡಿತ್ತು, ವೈನ್ ಒರಟಾಗಿತ್ತು. 1986ರಲ್ಲಿ ಪೋರ್ಚುಗಲ್ ಯುರೋಪಿಯನ್ ಸಮುದಾಯ ಸೇರಿದ ಮೇಲೆ ಆ ಕಟ್ಟು ಸಡಿಲವಾಯಿತು, ಸಣ್ಣ ತೋಟದವರು ತಮ್ಮದೇ ಬಾಟಲಿ ತುಂಬತೊಡಗಿದರು.

ದಾಂವ್‌ನಲ್ಲಿ ಒಗರು ಇದೆ, ನುಣುಪಾಗಿ ಇದೆ. ಹುಳಿ ಚೆನ್ನಾಗಿದೆ. ಆಲ್ಕೋಹಾಲ್ ಹೆಚ್ಚಾಗಿ 13ರ ಆಸುಪಾಸು. ಕಾಲವನ್ನೂ ತಾಳಿಕೊಳ್ಳುತ್ತದೆ: ಹತ್ತು ವರ್ಷದ ದಾಂವ್ ಕುಡಿದವರು ಅದನ್ನು ಮರೆಯುವುದಿಲ್ಲ. ಈ ಸಮತೋಲದಿಂದಾಗಿ ನಮ್ಮ ಅಡುಗೆಯ ಪಕ್ಕದಲ್ಲಿ ಕೂರಬಲ್ಲ ಶಕ್ತಿ ಉಳಿದೆಲ್ಲಕ್ಕಿಂತ ಇದಕ್ಕೆ ಹೆಚ್ಚು. ಹುಣಿಸೆಯ ಹುಳಿಗೆ ಇದು ಸಪ್ಪೆಯಾಗುವುದಿಲ್ಲ, ತೆಂಗಿನಕಾಯಿ ಅರೆದ ಕೋಳಿ ಗಸಿಗೆ ಭಾರವಾಗುವುದಿಲ್ಲ. ಅಣಬೆ ಪಲ್ಯ, ಬೀಟ್‌ರೂಟ್ ಪಲ್ಯ, ತುಪ್ಪದಲ್ಲಿ ಹುರಿದ ಆಲೂಗಡ್ಡೆ ಇದರ ಮಣ್ಣಿನ ಸೊಗಡಿಗೆ ಹೊಂದುತ್ತವೆ.

ಈ ನಾಡಿನ ಗಿಣ್ಣಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಅದರಲ್ಲೂ ಸಸ್ಯಾಹಾರಿ ಓದುಗರಿಗಾಗಿ. ಯುರೋಪಿನ ಹಲವು ಗಿಣ್ಣುಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯ ಅಂಶ ಬಳಸುತ್ತಾರೆ. ದಾಂವ್‌ನ ಪಕ್ಕದ ಸೆರ್ರ ದ ಇಶ್ತ್ರೇಲ ಬೆಟ್ಟದ ಕುರಿಹಾಲಿನ ಗಿಣ್ಣಿಗೆ ಅದು ಬೇಡ. ಕಾರ್ದು ಎಂಬ ಮುಳ್ಳುಗಿಡದ ಒಣಗಿದ ನೇರಳೆ ಹೂವಿನ ಎಳೆಗಳನ್ನು ಉಪ್ಪಿನ ಜೊತೆ ಜಜ್ಜಿ, ನೆನೆಸಿ, ಸೋಸಿದ ನೀರೇ ಹಾಲನ್ನು ಒಡೆಸುತ್ತದೆ. ವಿಸೆಉ ಊರಿನ ಸಂತೆಯಲ್ಲಿ ಒಬ್ಬ ಅಜ್ಜಿ ಆ ಗಿಣ್ಣನ್ನು ತೆರೆದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹರಿದು ಹೋಗದಿರಲೆಂದು ಗಿಣ್ಣಿನ ಸುತ್ತ ಬಟ್ಟೆಯ ಪಟ್ಟಿ ಸುತ್ತಿತ್ತು. ಅವರು ಚಾಕುವಿನ ತುದಿಯಿಂದ ಮೇಲಿನ ಸಿಪ್ಪೆಯನ್ನು ವೃತ್ತಾಕಾರವಾಗಿ ಕೊಯ್ದು, ಡಬ್ಬಿಯ ಮುಚ್ಚಳ ತೆಗೆದಂತೆ ಎತ್ತಿದರು. ಒಳಗೆ ಗಟ್ಟಿ ತುಪ್ಪದ ಬಣ್ಣದ, ಚಮಚದಿಂದ ಮೊಗೆಯುವ ಮೃದುವಾದ ಗಿಣ್ಣು. ರೊಟ್ಟಿಯ ಮೇಲೆ ಸವರಿ ಕೊಟ್ಟರು. ಕುರಿಹಾಲಿನ ಘಾಟು, ಉಪ್ಪು, ಹಿಂದಿನಿಂದ ಹೂವಿನದೇ ಒಂದು ಸಣ್ಣ ಕಹಿ. ಆ ತುತ್ತಿನ ಮೇಲೆ ಒಂದು ಗುಟುಕು ದಾಂವ್ ಇಳಿಸಿದರೆ ಒಗರು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಮಾಂಸವಿಲ್ಲದೆ ಈ ದೇಶದ ಕೆಂಪು ವೈನ್‌ನ ಪೂರ್ಣ ರುಚಿ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

8ರಿಂದ 14 ಯೂರೊ ಒಳಗೆ ದಾಂವ್ ಕೊಡುವಷ್ಟನ್ನು ಬೇರೆ ಪ್ರದೇಶ ಕೊಡುವುದು ಅಪರೂಪ.

ಅಲೆಂತೇಜು: ಎಲ್ಲರಿಗೂ ಹಿಡಿಸುವ ಬಯಲುಸೀಮೆ

ಪೋರ್ಚುಗಲ್‌ನ ಸುಮಾರು ಮೂರನೇ ಒಂದು ಭಾಗ ಅಲೆಂತೇಜು. ಬಿಸಿಲಿನ ಬಯಲು, ಗೋಧಿ, ಆಲಿವ್, ಬಿರಟೆ ಕೊಡುವ ಕಾರ್ಕ್ ಮರಗಳು. ಜಗತ್ತಿನ ಅರ್ಧದಷ್ಟು ಕಾರ್ಕ್ ಪೋರ್ಚುಗಲ್‌ನಿಂದ ಬರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಇಲ್ಲಿಯದು. ಬಿಸಿಲಿನಿಂದ ದ್ರಾಕ್ಷಿ ಪೂರ್ತಿ ಮಾಗುತ್ತದೆ: ಹಣ್ಣಿನ ರುಚಿ ದಂಡಿ, ಒಗರು ಮೆತ್ತಗೆ, ಹುಳಿ ಕಡಿಮೆ, ಆಲ್ಕೋಹಾಲ್ 14 ದಾಟುವುದೇ ಹೆಚ್ಚು. ಅರಗೊನೇಜ್ (ದೋರುವಿನ ತಿಂತ ರೊರೀಜ್‌ನ ಇನ್ನೊಂದು ಹೆಸರು), ತ್ರಿಂಕದೈರ, ಅಲಿಕಾಂತೆ ಬೂಶೆ ಇಲ್ಲಿಯ ಸಾಮಾನ್ಯ ಮಿಶ್ರಣ.

ಮೊದಲ ಸಲ ಕೆಂಪು ವೈನ್ ಕುಡಿಯುವವರು ಮನೆಗೆ ಬರುವುದಾದರೆ ಕಣ್ಣುಮುಚ್ಚಿ ಅಲೆಂತೇಜು ತನ್ನಿ. ಮುಖ ಸಿಂಡರಿಸುವವರು ಕಡಿಮೆ. 6ರಿಂದ 10 ಯೂರೊದಲ್ಲೇ ತೃಪ್ತಿ ಸಿಗುತ್ತದೆ, ತಂದ ದಿನವೇ ತೆರೆಯಬಹುದು. ಹುರಿದ ಕೋಳಿ, ಕಬಾಬಿನಂತಹ ಕೆಂಡದ ಮಾಂಸ, ಸಿಹಿಗುಂಬಳ, ಸಿಹಿ ಈರುಳ್ಳಿಯ ಪದಾರ್ಥಗಳಿಗೆ ಸೈ. ತೀರಾ ಹುಳಿಯಾದ ಅಥವಾ ತೀರಾ ಖಾರವಾದ ಅಡುಗೆಗೆ ಬೇಡ. ಹುಳಿಯ ಎದುರು ಸಪ್ಪೆ, ಖಾರದ ಎದುರು ಬೆಂಕಿ.

ಅಲ್ಲಿನವರು ಅಡುಗೆಗೆ ಹಸಿ ಕೊತ್ತಂಬರಿ ಸೊಪ್ಪನ್ನು ಧಾರಾಳವಾಗಿ ಬಳಸುತ್ತಾರೆ. ಬೆಳ್ಳುಳ್ಳಿ, ಕೊತ್ತಂಬರಿ, ಉಪ್ಪು ಜಜ್ಜಿ, ಆಲಿವ್ ಎಣ್ಣೆ ಹಾಕಿ, ಕುದಿನೀರು ಸುರಿದು, ಹಳೆಯ ರೊಟ್ಟಿ ಮುರಿದು ಹಾಕಿ ಮೇಲೊಂದು ಮೊಟ್ಟೆ ಇಟ್ಟರೆ ಅಸೋರ್ದ ಸಿದ್ಧ. ಊರಿನ ನೆನಪು ಬಂದ ರಾತ್ರಿಗಳಲ್ಲಿ ನಾನು ಇದನ್ನು ಮಾಡಿಕೊಂಡಿದ್ದೇನೆ.

ಇಲ್ಲಿ ಇನ್ನೊಂದು ಬಗೆಯೂ ಇದೆ: ತಾಲ್ಯ ಎಂಬ ಆಳೆತ್ತರದ ಮಣ್ಣಿನ ಗುಡಾಣದಲ್ಲಿ ಮಾಡುವ ವೈನ್. ಒಳಗೆ ರಾಳ ಬಳಿದ ಗುಡಾಣಕ್ಕೆ ಜಜ್ಜಿದ ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹಾಕುತ್ತಾರೆ. ಸಿಪ್ಪೆ ತಳಕ್ಕೆ ಕೂತು ತಾನೇ ಸೋಸುಬಟ್ಟೆಯಾಗುತ್ತದೆ. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬಕ್ಕೆ ಕೆಳಗಿನ ತೂತು ತೆರೆದು ವೈನ್ ಇಳಿಸುತ್ತಾರೆ. ಆ ದಿನಗಳಲ್ಲಿ ಪ್ರವಾಸ ಬಂದರೆ ಅಲ್ಲೇ ಕುಡಿಯಿರಿ.

ಬೈರಾದ: ತಾಳ್ಮೆ ಇರುವವರಿಗೆ

ನನ್ನನ್ನು ಮೊದಲ ವಾರವೇ ಸೋಲಿಸಿದ ವೈನ್ ಇದು. ಅದಕ್ಕೆ ನ್ಯಾಯ ಸಲ್ಲಿಸುವ ಕರ್ತವ್ಯ ನನ್ನ ಮೇಲಿದೆ. ಅಟ್ಲಾಂಟಿಕ್ ಸಮುದ್ರಕ್ಕೆ ಹತ್ತಿರ, ಸುಣ್ಣ ಬೆರೆತ ಜೇಡಿಮಣ್ಣು, ಮಳೆ ಹೆಚ್ಚು. ಇಲ್ಲಿಯ ರಾಜ ಬಾಗ ಎಂಬ ಸಣ್ಣ ಕಾಳಿನ, ದಪ್ಪ ಸಿಪ್ಪೆಯ, ತಡವಾಗಿ ಮಾಗುವ ದ್ರಾಕ್ಷಿ. ಒಗರು, ಹುಳಿ ಎರಡೂ ಮೇಲ್ಮಟ್ಟದಲ್ಲಿ. ಕವಳೆಹಣ್ಣು ತಿಂದವರಿಗೆ ಈ ಜೋಡಿ ಪರಿಚಿತ. ಕೆಲವರು ಬಾಗ ಒಂದರಿಂದಲೇ ವೈನ್ ಮಾಡುತ್ತಾರೆ, ಕೆಲವರು ತೂರಿಗ ನಾಸಿಯೊನಾಲ್ ಅಥವಾ ಮೆರ್ಲೊ ಬೆರೆಸಿ ಮೃದುಗೊಳಿಸುತ್ತಾರೆ. ಬೇಗ ಕುಡಿಯುವುದಾದರೆ ಬೆರೆಸಿದ್ದೇ ಇರಲಿ.

ಮೆಯಲ್ಯಾದ ಊರಿನ ರಸ್ತೆಯುದ್ದಕ್ಕೂ ಹಾಲು ಕುಡಿಯುವ ಹಂದಿಮರಿಯನ್ನು ಕೆಂಡದ ಒಲೆಯಲ್ಲಿ ಇಡಿಯಾಗಿ ಸುಡುವ ಹೋಟೆಲುಗಳಿವೆ. ಬೆಳ್ಳುಳ್ಳಿ, ಕರಿಮೆಣಸು, ಹಂದಿಕೊಬ್ಬಿನ ಮಸಾಲೆ ಒಳಗೆ. ಹೊರಗೆ ಹಪ್ಪಳದಂತೆ ಮುರಿಯುವ ತೊಗಲು. ಅಷ್ಟು ಕೊಬ್ಬಿಗೆ ಅಷ್ಟೇ ಹುಳಿ ಮತ್ತು ಒಗರು ಬೇಕು. ಸ್ಥಳೀಯರು ಇದರ ಜೊತೆ ಬೈರಾದದ ಬುರುಗು ವೈನ್ ಕುಡಿಯುವುದೂ ಉಂಟು. ಇದೇ ಸೀಮೆಯ ಶನ್ಫಾನ ಎಂಬುದು ಆಡಿನ ಮಾಂಸವನ್ನು ಕಪ್ಪು ಮಣ್ಣಿನ ಪಾತ್ರೆಯಲ್ಲಿ ಕೆಂಪು ವೈನ್ ಸುರಿದು ಗಂಟೆಗಟ್ಟಲೆ ಬೇಯಿಸುವ ಪದಾರ್ಥ, ಅದಕ್ಕೂ ಬಾಗವೇ ಜೊತೆ. 20 ಯೂರೊ ಕೊಟ್ಟು ತಂದು, ತಂಪಾದ ಕತ್ತಲೆಯ ಜಾಗದಲ್ಲಿ ಹತ್ತು ವರ್ಷ ಇಡಬಲ್ಲವರಿಗೆ ಇದಕ್ಕಿಂತ ದೊಡ್ಡ ಪ್ರತಿಫಲ ಇಲ್ಲ. ಬೆಂಗಳೂರಿನ ಮನೆಯ ಕಪಾಟು ಅಂತಹ ಜಾಗವಲ್ಲ.

ದಿನದ ಊಟಕ್ಕೆ

ಸೆತೂಬಲ್ ಮತ್ತು ಲಿಸ್ಬನ್ ಸುತ್ತಲಿನ ವೈನ್‌ಗಳನ್ನು ದೊಡ್ಡ ಮಾತಿಲ್ಲದೆ ಕೊಳ್ಳಬಹುದು, 4ರಿಂದ 7 ಯೂರೊ ಸಾಕು. ಸೆತೂಬಲ್‌ನ ಮರಳು ನೆಲದಲ್ಲಿ ಬೆಳೆಯುವ ಕಸ್ತೆಲಾಂವ್ ತಳಿಯ ಎಳೆಯ ವೈನ್ ತೆಳು, ಕೆಂಪುಹಣ್ಣಿನ ರುಚಿಯದು. 1834ರಲ್ಲಿ ಆರಂಭವಾದ ಜುಜೆ ಮರೀಯ ದ ಫೊನ್ಸೆಕ ಸಂಸ್ಥೆಯ ಪೆರಿಕಿತ ಎಂಬ ವೈನ್ 1850ರಿಂದಲೂ ಮಾರುಕಟ್ಟೆಯಲ್ಲಿದೆ. ಪೆರಿಕಿತ ಎಂದರೆ ಪುಟ್ಟ ಗಿಳಿ. ಖಾರದ ಕನ್ನಡ ಊಟಕ್ಕೆ ನನ್ನ ಶಿಫಾರಸು ಇಂತಹ ವೈನ್, ಅದೂ ತಂಪಾಗಿ. ಒಗರೂ ಬಿಸಿಯೂ ಕಡಿಮೆ ಇರುವುದರಿಂದ ಖಾರ ಕೆರಳುವುದಿಲ್ಲ.

ಉತ್ತರದ ಮಿನ್ಯು ಸೀಮೆಯ ಕೆಂಪು ವಿನ್ಯು ವೆರ್ದೆ ಬಗ್ಗೆ ಒಂದೇ ಮಾತು: ವಿನ್ಯಾಂವ್ ತಳಿಯ ಈ ವೈನ್ ಹುಳಿಯೋ ಹುಳಿ, ಕುಡಿದ ಬಿಳಿ ಪಿಂಗಾಣಿ ಬಟ್ಟಲು ನೇರಳೆಯಾಗುತ್ತದೆ. ಕೆಂಡದ ಮೇಲೆ ಸುಟ್ಟ ಬೂತಾಯಿ ಮೀನಿನ ಜೊತೆ ಅಲ್ಲಿನ ಹಳ್ಳಿಗರು ಕುಡಿಯುತ್ತಾರೆ. ಪುನರ್ಪುಳಿ ಪ್ರಿಯರು ಒಮ್ಮೆ ರುಚಿ ನೋಡಲಿ, ಊರಿಗೆ ಹೊತ್ತು ತರುವುದು ಬೇಡ.

ಮೀನಿಗೆ ಕೆಂಪು ವೈನ್ ಆಗದು ಎಂಬ ಮಾತನ್ನು ನೀವು ಕೇಳಿರಬಹುದು. ಪೋರ್ಚುಗೀಸರು ಒಣಗಿಸಿದ ಉಪ್ಪುಮೀನು ಬಕಲ್ಯಾವ್ ಜೊತೆ ತಲೆತಲಾಂತರದಿಂದ ಕೆಂಪು ವೈನ್ ಕುಡಿಯುತ್ತಿದ್ದಾರೆ. ಉಪ್ಪು ಒಗರನ್ನು ತಗ್ಗಿಸುತ್ತದೆ, ಧಾರಾಳ ಆಲಿವ್ ಎಣ್ಣೆ ಬಾಯನ್ನು ನುಣುಪಾಗಿಸುತ್ತದೆ. ಕಡಿಮೆ ಒಗರಿನ ದಾಂವ್ ಅಥವಾ ಕಸ್ತೆಲಾಂವ್ ಆದರೆ ಸರಿಹೋಗುತ್ತದೆ. ಹಸಿ ಬಂಗುಡೆಯ ಪುಳಿಮುಂಚಿಗೆ ಮಾತ್ರ ನಾನು ಯಾವ ಕೆಂಪು ವೈನನ್ನೂ ಹೇಳುವುದಿಲ್ಲ. ಎಣ್ಣೆಯಂಶದ ಮೀನು ಕೆಂಪು ವೈನ್‌ನ ಕಬ್ಬಿಣದ ಜೊತೆ ಸೇರಿದರೆ ವಾಸನೆ ಏಳುತ್ತದೆ.

ಅಂಗಡಿಯಲ್ಲಿ ನಿಂತಾಗ

ಚೀಟಿಯಲ್ಲಿ 'ಡಿಒಸಿ' ಎಂದಿದ್ದರೆ ಆ ಪ್ರದೇಶದ ಕಟ್ಟುನಿಟ್ಟಿನ ನಿಯಮಕ್ಕೆ ಒಳಪಟ್ಟದ್ದು. 'ವಿನ್ಯು ರೆಜಿಯೊನಾಲ್' ಎಂದಿದ್ದರೆ ನಿಯಮ ಸಡಿಲ, ಅಷ್ಟಕ್ಕೇ ಅದು ಕೀಳಲ್ಲ. ಅಲೆಂತೇಜುವಿನ ಎಷ್ಟೋ ಒಳ್ಳೆಯ ವೈನ್‌ಗಳು ಈ ಹೆಸರಿನಲ್ಲೇ ಬರುತ್ತವೆ. 'ರೆಸೆರ್ವ' ಎಂದರೆ ಪರಿಣತರ ಮಂಡಳಿಯ ರುಚಿಪರೀಕ್ಷೆ ದಾಟಿದ, ಸ್ವಲ್ಪ ಹೆಚ್ಚು ಆಲ್ಕೋಹಾಲ್ ಇರುವ ವೈನ್. ಖಾರದ ಊಟಕ್ಕೆ ಅದರಿಂದ ಲಾಭವಿಲ್ಲ, ನಷ್ಟವೇ ಇರಬಹುದು. 'ಗರ್ರಫೈರ' ಎಂದಿದ್ದರೆ ಕನಿಷ್ಠ 30 ತಿಂಗಳು, ಅದರಲ್ಲಿ 12 ತಿಂಗಳು ಬಾಟಲಿಯಲ್ಲೇ ಮಾಗಿದ್ದು. ಬೈರಾದಕ್ಕೆ ಕಾಯಲಾರದವರು ಈ ಪದ ಹುಡುಕಲಿ, ಕಾಯುವ ಕೆಲಸದ ಒಂದು ಭಾಗವನ್ನು ಮಾಡಿದವರೇ ಮುಗಿಸಿರುತ್ತಾರೆ.

ಇನ್ನೊಂದು ವಿಷಯ ಬೆಲೆಗಿಂತ ಮುಖ್ಯ. ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿರಬೇಕು ಎನ್ನುವಾಗ ಆ ಕೋಣೆ ಯುರೋಪಿನ ಚಳಿಯ ಕಲ್ಲುಮನೆ, 16ರಿಂದ 18 ಡಿಗ್ರಿ. ಮಂಗಳೂರಿನ 30 ಡಿಗ್ರಿಯಲ್ಲಿ ದೋರು ಕೂಡ ಬರೀ ಸಾರಾಯಿಯ ಘಾಟು ಹೊಡೆಯುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, ಕಸ್ತೆಲಾಂವ್ ಆದರೆ ಒಂದು ಗಂಟೆ.

ಭಾವನ ಮನೆಯ ಲೆಕ್ಕಕ್ಕೆ ಬರುತ್ತೇನೆ. ಭಾರತಕ್ಕೆ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಕ್ರಿಸ್ಮಸ್ ಮಧ್ಯಾಹ್ನಕ್ಕೆ ಅಕ್ಕ ಹಂದಿ ಬಫಾತ್ ಮತ್ತು ಸಣ್ಣಾಸ್ ಮಾಡುತ್ತಾಳೆ. ಬಫಾತ್‌ನಲ್ಲಿ ವಿನೆಗರ್ ಇದೆ, ಖಾರ ಇದೆ, ಕೊಬ್ಬು ಇದೆ. ಅದರ ಹತ್ತಿರದ ನೆಂಟ ವಿಂದಾಲುವಿನ ಹೆಸರೇ ಪೋರ್ಚುಗೀಸರ 'ವಿನ್ಯ ದ ಆಲ್ಯುಸ್' ಎಂಬ, ವೈನ್ ಮತ್ತು ಬೆಳ್ಳುಳ್ಳಿಯಲ್ಲಿ ಮಾಂಸ ನೆನೆಸುವ ಪದ್ಧತಿಯಿಂದ ಬಂದದ್ದು. ವಿನೆಗರಿಗೆ ಅಲೆಂತೇಜು ಸೋಲುತ್ತದೆ, ಖಾರಕ್ಕೆ ದೋರು ಮತ್ತು ಬೈರಾದ ಕೆರಳುತ್ತವೆ. ಹುಳಿ, ಕೊಬ್ಬು, ಖಾರ ಮೂರನ್ನೂ ನಿಭಾಯಿಸಬಲ್ಲದ್ದು ರೆಸೆರ್ವ ಅಲ್ಲದ, 13 ಶೇಕಡಾದ, 10 ಯೂರೊ ಒಳಗಿನ ದಾಂವ್. ಮರುದಿನ ನೆಂಟರು ಬರುತ್ತಾರೆ, ಹುರಿದ ಕೋಳಿ ಇರುತ್ತದೆ, ಬಂದವರಲ್ಲಿ ಅರ್ಧ ಜನ ವೈನ್ ಮೊದಲ ಸಲ ಮುಟ್ಟುವವರು. ಅದಕ್ಕೆ ಅಲೆಂತೇಜು.

ಎರಡನ್ನೂ ದಪ್ಪ ಸ್ವೆಟರಿನಲ್ಲಿ ಸುತ್ತಿ ಚೆಕ್-ಇನ್ ಸೂಟ್‌ಕೇಸಿನ ನಡುವೆ ಮಲಗಿಸುತ್ತೇನೆ. ವಿಮಾನದಲ್ಲಿ ಕುಲುಕಿದ ವೈನ್ ಕೆಲವು ದಿನ ಮಂಕಾಗಿರುತ್ತದೆ ಎನ್ನುತ್ತಾರೆ, ಆದ್ದರಿಂದ ಹಬ್ಬಕ್ಕೆ ಒಂದು ವಾರ ಮೊದಲೇ ಬರುವಂತೆ ಟಿಕೆಟ್ ಮಾಡಿಸಿದ್ದೇನೆ. ಅಲ್ಲಿಯವರೆಗೆ ಅವು ಅಕ್ಕನ ಫ್ರಿಜ್‌ನ ಕೆಳಗಿನ ತರಕಾರಿ ಡಬ್ಬದಲ್ಲಿ ಮಲಗಿರಲಿ.